ಆಯಮ್ಮನ ಸೆರಗಿನ ಗಂಟು

ನಮ್ಮ ಪಾಪು ನಿನ್ನೆ ರಾತ್ರಿ ಐದು ಗಂಟೆ ಹೊತ್ತು ಒಂದೇ ನಿದ್ದೆ ಮಾಡಿದಳು! ಹನ್ನೊಂದಕ್ಕೆ ಬಾಟಲಿ ಮುಗಿಸಿ ಕಣ್ಣು ಮುಚ್ಚಿದವಳು ಎದ್ದದ್ದು ಬೆಳಗಿನ ಜಾವ ನಾಲ್ಕಕ್ಕೆ. ಎದ್ದವಳು ಅಳಲೂ ಇಲ್ಲ. ಮುಷ್ಟಿಯನ್ನು ಬಾಯಿಗಿಟ್ಟುಕೊಂಡು ಚಪ್ಪರಿಸುತ್ತಾ ಮೇಲಿನ ಮಾಡು ನೋಡುತ್ತಿದ್ದಳು. ಬೆಳಿಗ್ಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ತೂಗಿಸಿದೆವು. ಅವರು ತೂಕ ನೋಡಿ ನಕ್ಕರು. "ಇನ್ನು ಅಲಾರಾಂ ಇಟ್ಟು ಎಬ್ಬಿಸಿ ಕುಡಿಸೋದು ಬೇಡ. ಕೇಳಿದಾಗ ಕೊಡಿ. ಮಲಗಿದ್ರೆ ಮಲಗ್ಲಿ ಬಿಡಿ" ಎಂದರು. ದಿನ ತುಂಬುವ ಮೊದಲೇ ಹುಟ್ಟಿದ ಕೂಸು ಅದು. ಎರಡೂವರೆ ತಿಂಗಳಿಂದ ಮೂರು ಗಂಟೆಗೊಮ್ಮೆ ಎಬ್ಬಿಸಿ, ಅಂಗಾಲು ಗೀರಿ, ಕಿವಿ ಸವರಿ ಕುಡಿಸಿದ್ದೇವೆ. ಮಂಡಿನೋವು ಇಲ್ಲದಿದ್ದರೆ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೇ ಕುಣಿದುಬಿಡುತ್ತಿದ್ದೆ. ಕುಣಿಯಲಾಗದ್ದಕ್ಕೆ ದಾರಿಯುದ್ದಕ್ಕೂ ಸುದ್ದಿ ಹಂಚಿದೆ. ಆಟೋದವನಿಗೆ ಹೇಳಿದೆ, ಹೂವಿನವಳಿಗೆ ಹೇಳಿದೆ, ಬಸ್‌ಸ್ಟ್ಯಾಂಡಿನಲ್ಲಿ ತೀರ್ಥಹಳ್ಳಿ ಬಸ್ಸು ಕಾಯುತ್ತಿದ್ದ ಗುರುತಿಲ್ಲದ ಹೆಂಗಸಿಗೂ ಹೇಳಿದೆ. ಪಾಪ, ಆಕೆ "ಒಳ್ಳೇದಾಯ್ತು ಬಿಡಿ" ಎಂದರು.

ಮಗಳು ಹೆರಿಗೆಗೆಂದು ನಮ್ಮಲ್ಲಿಗೆ, ಹೊಸನಗರಕ್ಕೆ ಬಂದವಳು. ಹೆರಿಗೆಯಾದ ಮೇಲೆ ಅವಳಿಗೆ ಕೊಡುತ್ತಿರುವ ಔಷಧಿಯಿಂದಾಗಿ ಎದೆಹಾಲು ಕುಡಿಸಬಾರದು ಎಂದರು. ಹಾಗಾಗಿ ಪಾಪುವಿಗೆ ಡಬ್ಬಿಯ ಹಾಲು. ಎಷ್ಟು ಹೊತ್ತಿಗೆ ಕುಡಿದಳು, ಎಷ್ಟು ಕುಡಿದಳು, ಎಷ್ಟು ಹೊತ್ತು ಮಲಗಿದಳು ಎಂದು ಮಗಳು ಮೊಬೈಲಿನಲ್ಲಿ ಬರೆದಿಡುತ್ತಾಳೆ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನನ್ನದು ಏನಿದ್ದರೂ ಕೆನ್ನೆ ಮುಟ್ಟಿ, ತೊಡೆ ಹಿಚುಕಿ ನೋಡುವ ಲೆಕ್ಕ.

ಮಧ್ಯಾಹ್ನದ ಬಸ್ಸಿಗೆ ಸಾಗರದಿಂದ ಅಳಿಯ ಬಂದ, ಜೊತೆಗೆ ಅವನ ತಾಯಿ, ನಮ್ಮ ಬೀಗಿತ್ತಿ. ಆಕೆ ಚಪ್ಪಲಿ ಬಿಡುವ ಮೊದಲೇ ನಾನು ಐದು ಗಂಟೆಯ ನಿದ್ದೆಯ ವಿಷಯ ಹೇಳಿ ಮುಗಿಸಿದ್ದೆ. ಆಕೆ ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ತೊಟ್ಟಿಲಿಗೆ ಬಗ್ಗಿ ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಒಂದೇ ನಿದ್ದೆನಾ? ಎಂತ ತೇಯ್ದು ನೆಕ್ಸಿದ್ರಿ ಬೀಗ್ರೇ?"

ದನಿ ತಮಾಷೆಯದೇ. ಕಣ್ಣು ಮಾತ್ರ ತಮಾಷೆಯದಲ್ಲ. ಆ ಕಣ್ಣು ಅಡುಗೆಮನೆಯ ಶೆಲ್ಫಿಗೆ ಹೋಯಿತು, ಅಲ್ಲಿಂದ ನನ್ನ ಬೆರಳಿನ ತುದಿಗೆ ಬಂತು, ಬೆರಳಿನಿಂದ ಸೆರಗಿಗೆ ಇಳಿಯಿತು... ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಬೇರೆಯವರು ನೋಡಿದ್ದರಿಂದ ಗೊತ್ತಿದ್ದದ್ದಲ್ಲ. ಹಾಗೆ ನೋಡಿದವಳೇ ನಾನು.

ಒಳಗೆ ಹೋಗಿ ಹೊಸ ಡಬ್ಬಿಯ ತಗಡು ಹರಿದೆ. ಗಪ್ಪೆಂದು ವಾಸನೆ ಬಂತು. ಅರ್ಧ ಬಿಸ್ಕೆಟ್ಟಿನ ಹಾಗೆ, ಅರ್ಧ ಆಗಷ್ಟೇ ಬೀಸಿದ ಹಿಟ್ಟಿನ ಹಾಗೆ. ಮೂವತ್ತೊಂದು ವರ್ಷವಾದರೂ ಆ ವಾಸನೆ ಬದಲಾಗಿಲ್ಲ. ಅದರ ಹಿಂದೆಯೇ ಇನ್ನೊಂದು ವಾಸನೆ ಬಂದ ಹಾಗಾಯಿತು, ಫಿನಾಯಿಲಿನದು. ನಮ್ಮ ಹಿತ್ತಿಲ ಬಾಗಿಲಲ್ಲಿ ಕನ್ನಡಕಕ್ಕೆ ದಾರ ಕಟ್ಟಿಕೊಂಡ ಉದ್ದನೆಯ ಹೆಂಗಸು ನಿಂತು "ನೀರು ಕಾಯ್ತಾ?" ಎಂದು ಕೇಳಿದ ಹಾಗಾಯಿತು.

ಆಯಮ್ಮ...

ಸರ್ಕಾರಿ ಆಸ್ಪತ್ರೆಯಲ್ಲಿ ಆಯಾ ಆಗಿ ಕೆಲಸ ಮಾಡಿ ನಿವೃತ್ತಿಯಾದವರು. ಊರಿಗೆಲ್ಲ ಅವರು ಆಯಮ್ಮ. ಗಂಡ ಮಕ್ಕಳು ಯಾರೂ ಇರಲಿಲ್ಲ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ. ಕೆಲಸ ಬಿಟ್ಟ ಮೇಲೂ ಮೈಯಿಂದ ಫಿನಾಯಿಲಿನ ವಾಸನೆ ಹೋಗಿರಲಿಲ್ಲ. ಬಾಣಂತಿಯರಿರುವ ಮನೆಗಳಿಗೆ ಹೋಗಿ ಮಕ್ಕಳಿಗೆ ಎಣ್ಣೆ ಹಚ್ಚಿ ಮೀಯಿಸುವುದು ಆಮೇಲಿನ ಅವರ ಬದುಕು. ಬಚ್ಚಲಿನಲ್ಲಿ ಕಾಲು ನೀಡಿ ಕೂತು, ಮಗುವನ್ನು ಕಾಲುಗಳ ಮೇಲೆ ಮಲಗಿಸಿಕೊಂಡು, ಹುಬ್ಬಿನ ಮೇಲೆ ಅಂಗೈ ಅಡ್ಡ ಇಟ್ಟು ನೀರು ಹೊಯ್ಯುತ್ತಿದ್ದರು. ಒಂದು ಹನಿ ಕಣ್ಣಿಗೆ ಹೋಗುತ್ತಿರಲಿಲ್ಲ. ಎಣ್ಣೆಯನ್ನು ಮೊದಲು ತಮ್ಮ ಕೆನ್ನೆಗೆ ಮುಟ್ಟಿಸಿ ಬಿಸಿ ನೋಡುತ್ತಿದ್ದರು.

ಆಗ ನನಗೆ ಇಪ್ಪತ್ತೆರಡು. ಮದುವೆಯಾಗಿ ಹಿಟ್ಟಿನ ಗಿರಣಿಯ ಮನೆಗೆ ಬಂದವಳು. ಗಿರಣಿಯೆಂದರೆ ಅನುಮಾನದ ಜಾಗ. ಅಕ್ಕಿ ತಂದವರು ಅದು ಹಿಟ್ಟಾಗಿ ಬೀಳುವವರೆಗೂ ಕಣ್ಣು ರೆಪ್ಪೆ ಮುಚ್ಚದೆ ನಿಲ್ಲುತ್ತಿದ್ದರು, ಗಿರಣಿಯವರು ಒಂದು ಹಿಡಿ ಉಳಿಸಿಕೊಳ್ಳುತ್ತಾರೇನೋ ಎಂದು. ಅದಕ್ಕೇ ನಮ್ಮ ಮನೆಯವರು ಸೇರಿನ ಬಾಯಿಯನ್ನು ಎಲ್ಲರೆದುರು ಕೋಲಿನಿಂದ ಸವರಿ ಅಳೆಯುತ್ತಿದ್ದರು. ಎಲ್ಲರೂ ನಮ್ಮನ್ನು ಹಾಗೆ ನೋಡುತ್ತಿದ್ದರೆ ನಾವೂ ಎಲ್ಲರನ್ನೂ ಹಾಗೇ ನೋಡಲು ಕಲಿಯುತ್ತೇವೆ. ಅತ್ತೆ ಗಿರಣಿಯ ಬಾಗಿಲಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಅಲ್ಲಿ ಆಡಿದ ಮಾತು ಸಂಜೆಯೊಳಗೆ ಹಿಟ್ಟಿನ ಡಬ್ಬಿಗಳ ಜೊತೆ ಊರಿನ ಅಡುಗೆಮನೆಗಳನ್ನೆಲ್ಲ ಮುಟ್ಟುತ್ತಿತ್ತು.

ಮಗಳು ಹುಟ್ಟಿ ಮೂರನೇ ವಾರಕ್ಕೆ ನನಗೆ ಜ್ವರ ಹಿಡಿದು ಎದೆಹಾಲು ಬತ್ತಿಹೋಯಿತು. ಡಬ್ಬಿಯ ಹಾಲು ಶುರುವಾಯಿತು. ಒಂದು ಔನ್ಸ್ ನೀರಿಗೆ ಒಂದು ಚಮಚ ಪುಡಿ, ಡಬ್ಬಿಯೊಳಗೇ ಇರುವ ಪ್ಲಾಸ್ಟಿಕ್ ಚಮಚದಲ್ಲಿ ಬಾಯಿ ಸವರಿ ಅಳೆಯಬೇಕು, ಎಲ್ಲವನ್ನೂ ಕುದಿಸಿ ಇಟ್ಟುಕೊಳ್ಳಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟರು. ಎಲ್ಲವನ್ನೂ ಎಂದರಲ್ಲ! ನಾನು ಬಾಟಲಿ, ನಿಪ್ಪಲ್ಲು, ಮುಚ್ಚಳದ ಜೊತೆ ಆ ಚಮಚವನ್ನೂ ಪಾತ್ರೆಗೆ ಹಾಕಿ ಕೊತಕೊತ ಕುದಿಸಿದೆ. ತೆಗೆದಾಗ ಅದರ ಅಡಿ ಒಳಗಡೆ ಉಬ್ಬಿಕೊಂಡು ಬಾಯಿ ಮುದುರಿತ್ತು. ಕೆಟ್ಟಿತು ಎಂದು ನನಗೆ ಅನ್ನಿಸಲೇ ಇಲ್ಲ. ಕುದ್ದಿದೆ, ಶುದ್ಧವಾಗಿದೆ ಎಂದುಕೊಂಡೆ. ಆಮೇಲೆ ಪ್ರತಿ ಹೊಸ ಡಬ್ಬಿಯಲ್ಲೂ ಒಂದೊಂದು ಹೊಸ ಚಮಚ ಬರುತ್ತಿತ್ತು. ಯಾವ ಊರಿನ ಯಾವ ಕೈ ಮುಟ್ಟಿದ್ದೋ ಎಂದು ಅವನ್ನೆಲ್ಲ ಹಿತ್ತಿಲಿಗೆ ಎಸೆದು ನನ್ನ ಕುದಿಸಿದ ಚಮಚದಲ್ಲೇ ಅಳೆದೆ. ನಾಲ್ಕು ಔನ್ಸಿಗೆ ನಾಲ್ಕು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಮಗು ಬಾಟಲಿಯನ್ನು ಖಾಲಿ ಮಾಡುತ್ತಿತ್ತು. ಖಾಲಿ ಮಾಡಿ ಒಂದು ಗಂಟೆಗೆ ಮತ್ತೆ ಎದ್ದು ಕಿರುಚುತ್ತಿತ್ತು. ಹಗಲೂ ಹಾಗೇ, ರಾತ್ರಿಯೂ ಹಾಗೇ. ಕಾಲು ಕಡ್ಡಿ, ಕುತ್ತಿಗೆ ಕಡ್ಡಿ. "ಡಬ್ಬಿ ಹಾಲು ಕುಡಿಯೋ ಮಕ್ಳು ದುಂಡುದುಂಡಗಿರ್ತವೆ, ಹೊಟ್ಟೆ ತುಂಬಿ ಮಲಗ್ತವೆ. ಇದಕ್ಕೆಂತ ಬಂತೇ?" ಎಂದು ಅತ್ತೆ ದಿನಕ್ಕೆ ಹತ್ತು ಸಲ ಕೇಳುತ್ತಿದ್ದರು. ನಾನು ಯಾರನ್ನು ಅನುಮಾನಿಸಲಿಲ್ಲ ಹೇಳಿ? ಅಂಗಡಿಯವನು ನಕಲಿ ಡಬ್ಬಿ ಕೊಡುತ್ತಾನೆ ಎಂದುಕೊಂಡೆ. ಬಾವಿಯ ನೀರನ್ನು ಅನುಮಾನಿಸಿದೆ. ಮಗುವನ್ನು ನೋಡಲು ಬಂದು "ಬಣ್ಣ ಚೆನ್ನಾಗಿದೆ" ಎಂದ ಎದುರುಮನೆಯವರ ದೃಷ್ಟಿಯನ್ನು ಅನುಮಾನಿಸಿ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದೆ. ಕೈಯಲ್ಲಿದ್ದ ಚಮಚವೊಂದನ್ನು ಬಿಟ್ಟು ಎಲ್ಲವನ್ನೂ ಅನುಮಾನಿಸಿದೆ.

ಆಯಮ್ಮ ಮೀಯಿಸಲು ಬರತೊಡಗಿದ್ದು ಆಗಲೇ. ಎರಡನೇ ದಿನವೇ ಅತ್ತೆ ಸಾಣೆಕಲ್ಲು ಮುಂದಿಟ್ಟು, "ಒಂಚೂರು ಜಾಯಿಕಾಯಿ ತೇಯ್ದು ನೆಕ್ಸಿ ಆಯಮ್ಮ, ಮಲಗ್ಲಿ" ಎಂದರು.

"ನನ್ ಕೈಲಿ ಅದೊಂದು ಮಾಡಿಸ್ಬೇಡಿ. ಹಂಗೆ ಮಲಗಿಸಿದ ಮಕ್ಳನ್ನ ಎತ್ಕೊಂಡು ಓಡಿ ಬರೋರನ್ನ ಆಸ್ಪತ್ರೇಲಿ ಎಷ್ಟು ನೋಡಿದೀನಿ" ಎಂದು ಆಯಮ್ಮ ಕಲ್ಲನ್ನು ಪಕ್ಕಕ್ಕೆ ಸರಿಸಿದರು.

ಒಂದು ವಾರ ಕಳೆದಿರಬೇಕು. ನಾನು ಬಾಟಲಿ ಕಲೆಸುವುದನ್ನು ನೋಡುತ್ತಾ ನಿಂತಿದ್ದವರು, "ತಂಗೀ, ಈ ಚಮಚ ಬಿಟ್ಟು ಬೇರೇದು ತಗೋಬಾರ್ದಾ?" ಎಂದು ಮೆಲ್ಲಗೆ ಕೇಳಿದರು. ನಾನು ಸೆಟೆದು ನಿಂತೆ. "ಇದು ಕುದಿಸಿದ್ದು. ಆಸ್ಪತ್ರೇಲಿ ಹೇಳಿದ ಹಾಗೇ ಮಾಡ್ತಿದ್ದೀನಿ. ಮೀಯ್ಸೋ ಕೆಲ್ಸ ನಿಮ್ದು, ಹಾಲಿನ ಕೆಲ್ಸ ನಂದು" ಎಂದೆ. ಪಕ್ಕದ ಕೋಣೆಯಲ್ಲಿ ಅತ್ತೆ ಕೆಮ್ಮಿದರು. ಆಯಮ್ಮ ಆ ಕೆಮ್ಮಿನ ಕಡೆ ಒಮ್ಮೆ ನೋಡಿ, ನನ್ನ ಕಡೆ ಒಮ್ಮೆ ನೋಡಿ ಸುಮ್ಮನಾದರು. ನೇರವಾಗಿ ಯಾಕೆ ಹೇಳಲಿಲ್ಲ ಎಂದು ಎಷ್ಟೋ ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಹೇಳಿದ್ದರಲ್ಲ. ಮತ್ತೆ ಹೇಳದ ಹಾಗೆ ಉತ್ತರ ಕೊಟ್ಟವಳು ನಾನು.

ಅದಾದ ಮೇಲೆ ಅವರು, ಮೀಯಿಸಿದ ನಂತರದ ಬಾಟಲಿಯನ್ನು ನಾನೇ ಕಲೆಸಿ ಕುಡಿಸಿ ಹೋಗುತ್ತೇನೆ, ನೀನು ಮೈ ಸ್ವಲ್ಪ ನೆಟ್ಟಗೆ ಮಾಡು ಎಂದರು. ಸಂಜೆ ದೀಪ ಹಚ್ಚಿದ ಮೇಲೆ ಕರೆಯದೇ ಬಂದು ಇನ್ನೊಂದು ಬಾಟಲಿ ಕುಡಿಸಿ ಹೋಗತೊಡಗಿದರು. ಬೆಳಿಗ್ಗೆ ಅವರು ಕುಡಿಸಿದರೆ ಮಗು ಮೂರು ಗಂಟೆ ಮಲಗುತ್ತಿತ್ತು. ಸಂಜೆ ಅವರು ಕುಡಿಸಿದರೆ ನಡುರಾತ್ರಿಯವರೆಗೆ ಉಸಿರೆತ್ತುತ್ತಿರಲಿಲ್ಲ. ನಾನು ಕುಡಿಸಿದರೆ ಮಾತ್ರ ಒಂದೇ ಗಂಟೆ, ಮತ್ತೆ ಕಿರುಚಾಟ. ಅದೇ ಡಬ್ಬಿ, ಅದೇ ಬಾಟಲಿ, ಅದೇ ನೀರು.

ಬೇರೆ ಯಾರಾದರೂ ಆಗಿದ್ದರೆ ಸಂತೋಷಪಡುತ್ತಿದ್ದರು. ನನ್ನ ಎದೆಯಲ್ಲಿ ಹುಳ ಹೊಕ್ಕಿತು. ಈ ಹೆಂಗಸು ಏನೋ ಕೊಡುತ್ತಿದ್ದಾಳೆ! ಜಾಯಿಕಾಯಿ ಬೇಡ ಎಂದವರಲ್ಲವೇ ಎಂದು ಒಂದು ಮನಸ್ಸು ಹೇಳಿದರೆ, ಕೊಡುವವರೇ ಮೊದಲು ಬೇಡ ಎನ್ನುವುದು ಎಂದು ಇನ್ನೊಂದು ಮನಸ್ಸು ಹೇಳಿತು. ಮಸಾಲೆ ಡಬ್ಬಿಯ ಜಾಯಿಕಾಯಿ ಎಣಿಸಿದೆ. ಎರಡಿತ್ತು, ಎರಡೇ ಇತ್ತು. ಸಾಣೆಕಲ್ಲು ಮೂಸಿದೆ. ಮಲಗಿದ ಮಗುವಿನ ಬಾಯಿ ಮೂಸಿದೆ. ಅವರು ಕುಡಿಸಿದ ಬಾಟಲಿಯ ತಳದಲ್ಲಿ ಉಳಿದ ಹನಿಯನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದೆ. ನನ್ನ ಹಾಲಿಗಿಂತ ಸಿಹಿ ಹೆಚ್ಚಿತ್ತು! ಆಗಲಾದರೂ ತಲೆ ಓಡಬೇಕಿತ್ತು. ಓಡಿದ್ದು ಬೇರೆ ಕಡೆಗೆ. ಕಹಿ ಗೊತ್ತಾಗದಿರಲಿ ಎಂದು ಸಕ್ಕರೆ ಸೇರಿಸಿದ್ದಾರೆ ಎಂದುಕೊಂಡೆ.

ಆಮೇಲೆ ಕಂಡದ್ದು ಆ ಗಂಟು. ಆಯಮ್ಮನ ಸೆರಗಿನ ತುದಿಯಲ್ಲಿ ಯಾವಾಗಲೂ ಒಂದು ಗಂಟು ಇರುತ್ತಿತ್ತು. ಬರುವಾಗಲೂ ಇರುತ್ತಿತ್ತು, ಹೋಗುವಾಗಲೂ ಇರುತ್ತಿತ್ತು. ಬಾಟಲಿ ಕಲೆಸುವಾಗ ಮಾತ್ರ ನಮಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಒಂದು ದಿನ ಬಾಗಿಲ ಸಂದಿಯಿಂದ ನೋಡಿದೆ. ಅವರು ಗಂಟು ಬಿಚ್ಚಿದರು, ಏನೋ ತೆಗೆದರು, ಕೈ ಡಬ್ಬಿಯ ಮೇಲೆ ಆಡಿತು, ಒರೆಸಿದರು, ಮತ್ತೆ ಗಂಟು ಕಟ್ಟಿದರು.

ಮರುದಿನ ಅತ್ತೆಯನ್ನು ಹಿಂದೆ ನಿಲ್ಲಿಸಿಕೊಂಡು ಸಂಜೆಗೆ ಕಾದೆ. ಆಯಮ್ಮ ಗಂಟು ಬಿಚ್ಚುವಾಗ ಹೋಗಿ ಸೆರಗು ಹಿಡಿದೆ. ನನಗಿಂತ ನಲವತ್ತು ವರ್ಷ ದೊಡ್ಡವರು... ಅವರ ಸೆರಗಿಗೆ ಕೈ ಹಾಕಿದೆ ನಾನು. ಗಂಟಿನಿಂದ ಜಾರಿ ನೆಲಕ್ಕೆ ಬಿದ್ದದ್ದು ಒಂದು ಪ್ಲಾಸ್ಟಿಕ್ ಚಮಚ. ಅದರ ಮೂಲೆಯಲ್ಲಿ ಬಿಳಿಯ ಪುಡಿ ಅಂಟಿತ್ತು.

"ಇದೆಂತ ಪುಡಿ?" ಎಂದು ಕೂಗಿದೆ.

"ಹಾಲಿನ ಪುಡಿ."

"ಹಾಲಿನ ಪುಡೀನ ಸೆರಗಲ್ಲಿ ಕಟ್ಕೊಂಡು ಬರೋ ಕರ್ಮ ಎಂತಕ್ಕೆ? ನಮ್ಮನೇಲಿ ಡಬ್ಬಿ ಇಲ್ವಾ?" ಎಂದರು ಅತ್ತೆ. "ಮದ್ದು ಹಾಕಿ ಮಗೀಗೆ ಮಂಪರು ಹತ್ತಿಸ್ತೀಯಲ್ಲೇ, ನಿನ್ನ ನಂಬಿ ಕೂಸನ್ನ ಕೈಗೆ ಕೊಟ್ವಲ್ಲ!"

ಆಯಮ್ಮ ನನ್ನ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ನನ್ನ ಭುಜದ ಹಿಂದೆ ಅತ್ತೆಯ ಮುಖ ಕಂಡಿತು, ಮುಚ್ಚಿದರು. "ಏನೂ ಹಾಕಿಲ್ಲ ತಂಗಿ" ಎಂದಷ್ಟೇ ಹೇಳಿ, ಸೆರಗು ಸರಿ ಮಾಡಿಕೊಂಡು ಹಿತ್ತಿಲ ಬಾಗಿಲಿನಿಂದ ಇಳಿದು ಹೋದರು. ಚಮಚ ನನ್ನ ಕೈಯಲ್ಲೇ ಉಳಿಯಿತು. ಮರುದಿನ ಬೆಳಿಗ್ಗೆ ಅತ್ತೆ ಸ್ಟೂಲು ಹಾಕಿಕೊಂಡು ಕೂತರು. ಹಬ್ಬದ ಮುಂಚಿನ ದಿನಗಳು, ಗಿರಣಿಯಲ್ಲಿ ಜನವೋ ಜನ.

ನಾನೂ ಮಗುವನ್ನೆತ್ತಿಕೊಂಡು ಅಲ್ಲೇ ಒಳಗೆ ನಿಂತಿದ್ದೆ. ರಾತ್ರಿಯೆಲ್ಲ ಅತ್ತು ಅತ್ತು ಮಗುವಿನ ಗಂಟಲು ಕಟ್ಟಿತ್ತು. ಮದ್ದು ಸಿಗದೆ ಹೀಗೆ ಅಳುತ್ತಿದೆ ಎಂದು ಅತ್ತೆ ಹೊರಗೆ ಹೇಳುವುದು ಕೇಳುತ್ತಿತ್ತು. ಆಯಮ್ಮನ ಚಮಚ ನನ್ನ ಸೊಂಟದಲ್ಲಿತ್ತು, ಅದರಲ್ಲಿದ್ದ ಪುಡಿಯನ್ನು ಡಾಕ್ಟರಿಗೆ ತೋರಿಸಬೇಕೆಂದು ಇಟ್ಟುಕೊಂಡಿದ್ದೆ. ತೆಗೆದು ನೋಡಿದೆ. ನಾಲಿಗೆಯ ತುದಿಗೆ ಮುಟ್ಟಿಸಿದೆ. ಹಾಲಿನ ಪುಡಿ. ಬರೀ ಹಾಲಿನ ಪುಡಿ. ಆಗ ಗುರುತು ಸಿಕ್ಕಿತು, ಅದು ನಾನೇ ಹಿತ್ತಿಲಿಗೆ ಎಸೆದ ಚಮಚಗಳಲ್ಲಿ ಒಂದು.

ಅಲ್ಲಿ ನಮ್ಮ ಮನೆಯವರು ಸೇರಿನ ಬಾಯಿ ಸವರಿ ಯಾರಿಗೋ ಅಕ್ಕಿ ಅಳೆಯುತ್ತಿದ್ದರು. ನನಗೇನನ್ನಿಸಿತೋ, ಒಳಗೆ ಓಡಿ ನನ್ನ ಕುದಿಸಿದ ಚಮಚ ತಂದೆ. ಅದರಲ್ಲಿ ಅಕ್ಕಿಹಿಟ್ಟು ತುಂಬಿ, ಬಾಯಿ ಸವರಿ, ಆಯಮ್ಮನ ಚಮಚಕ್ಕೆ ಸುರಿದೆ. ಅರ್ಧಕ್ಕೆ ಬಂತು. ಇನ್ನೊಂದು ಸಲ ತುಂಬಿ ಸುರಿದೆ. ಆಗ ತುಂಬಿತು. ನಂಬಿಕೆ ಬರದೆ ಮತ್ತೆ ಅಳೆದೆ, ಮತ್ತೆ ಅಳೆದೆ. ಊರಿಗೆಲ್ಲ ಸರಿಯಾಗಿ ಅಳೆದು ಕೊಡುವ ಮನೆಯ ಸೊಸೆ ನಾನು, ನನ್ನ ಮಗುವಿಗೆ ಅಷ್ಟು ದಿನ ಅರ್ಧ ಹೊಟ್ಟೆ ನೀರು ಕುಡಿಸಿದ್ದೆ. ಹೊಟ್ಟೆ ತುಂಬಿದ್ದಕ್ಕೆ ಮಲಗಿದ ಮಗುವನ್ನು ಮದ್ದು ತಿಂದು ಮಲಗಿದೆ ಎಂದಿದ್ದೆ...

ಮಗುವನ್ನು ಎದೆಗವಚಿಕೊಂಡು ಬರಿಗಾಲಿನಲ್ಲೇ ಆಯಮ್ಮನ ಮನೆಗೆ ಓಡಿದೆ. ಅವರು ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ಏಳಲಿಲ್ಲ. ನಾನು ಎರಡೂ ಚಮಚಗಳನ್ನು ಮೊರದ ಅಕ್ಕಿಯ ಮೇಲೆ ಇಟ್ಟೆ.

"ಗೊತ್ತಾಯ್ತಾ?" ಎಂದರು.

ನಾನು ಅಳತೊಡಗಿದೆ. ನಾನು ಅತ್ತದ್ದು ನೋಡಿ ಮಗುವೂ ಅಳತೊಡಗಿತು. "ಅದಕ್ಕೆ ಹಸಿವು. ನಿಂದು ಆಮೇಲೆ ಅಳುವಂತೆ" ಎಂದು ಮಗುವನ್ನು ಎತ್ತಿಕೊಂಡರು. ಆಮೇಲೆ ದನಿ ತಗ್ಗಿಸಿ, "ಹೋಗಿ ಸರಿ ಚಮಚದಲ್ಲಿ ಕಲೆಸಿ ಕುಡಿಸು. ನಿಮ್ಮತ್ತೆ ಹತ್ರ ಮಾತ್ರ ಇದನ್ನ ಹೇಳ್ಬೇಡ. ಹೆತ್ತ ಮಗೀನ ಉಪವಾಸ ಕೆಡವಿದ್ಲು ಅಂತ ನಿನ್ನ ಸಾಯೋ ತನಕ ಆಡಿಕೊಳ್ತಾರೆ. ನಂಗೆ ಅವ್ರ ಬಾಯಿ ಗೊತ್ತು" ಎಂದರು.

ಅಷ್ಟು ಅವಮಾನ ಮಾಡಿದ ಮೇಲೂ ಅವರು ನೋಡಿದ್ದು ನನ್ನ ಮರ್ಯಾದೆಯನ್ನು. ನಾನು ಮಾಡಿದ್ದೇನು? ಹೇಳಬೇಡ ಎಂದರಲ್ಲ ಎಂದು ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಅವರು ಹಾಗೆ ಹೇಳಿದಾಗ ನನ್ನ ಜೀವಕ್ಕೆ ಹಾಯೆನಿಸಿತು. ಅವರ ಮಾತನ್ನು ಅಪ್ಪಣೆಯ ಹಾಗೆ ಹಿಡಿದುಕೊಂಡು, ಎರಡೂ ಚಮಚ ಎತ್ತಿಕೊಂಡು ಮನೆಗೆ ಬಂದೆ.

ಸರಿಯಾದ ಚಮಚದಲ್ಲಿ ಕುಡಿದ ಮಗು ಹದಿನೈದು ದಿನಕ್ಕೆ ತುಂಬಿಕೊಂಡಿತು. ಕೆನ್ನೆ ಬಂತು, ಮಣಿಕಟ್ಟಿನಲ್ಲಿ ಮಡಿಕೆ ಬಂತು, ನಿದ್ದೆ ಬಂತು. ಅತ್ತೆ ಅದನ್ನು ಗಿರಣಿಯಲ್ಲಿ ಬೇರೆ ಥರ ಹೇಳಿದರು. "ನೋಡಿ, ಆ ಹೆಂಗ್ಸು ಬರೋದು ನಿಂತದ್ದೇ ನಿಂತದ್ದು, ಕೂಸು ಹೆಂಗೆ ಸುಧಾರಿಸ್ತು!" ನಾನು ಒಳಗೆ ನಿಂತು ಕೇಳಿದೆ. ಬಾಯಿ ತೆರೆಯಲಿಲ್ಲ. ಆಯಮ್ಮ ಮೀಯಿಸಲು ಹೋಗುತ್ತಿದ್ದ ಮೂರು ಮನೆಯವರೂ ಒಬ್ಬರ ಹಿಂದೆ ಒಬ್ಬರು ಅವರನ್ನು ಬರಬೇಡಿ ಎಂದರು. ಬರುವ ತಿಂಗಳು ಹೆರಿಗೆಯೆಂದು ಹೇಳಿಟ್ಟವರು ಬೇರೆಯವರನ್ನು ಗೊತ್ತು ಮಾಡಿಕೊಂಡರು. ನಾಲ್ಕೈದು ತಿಂಗಳಿಗೆ ಆ ಎರಡು ಕೋಣೆಯ ಮನೆಗೆ ಬೀಗ ಬಿತ್ತು. ತೀರ್ಥಹಳ್ಳಿಯಲ್ಲಿ ತಂಗಿಯ ಮಗಳ ಮನೆಗೆ ಹೋದರಂತೆ ಎಂದು ಯಾರೋ ಹೇಳಿದರು.

ಒಂದೇ ಒಂದು ಸಲ ಆಮೇಲೆ ಅವರನ್ನು ಕಂಡೆ. ಮಗಳಿಗೆ ಆರು ವರ್ಷ. ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಹೊಸನಗರದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದೆವು. ಕೆಳಗೆ ದಾರ ಕಟ್ಟಿದ ಕನ್ನಡಕ. ಅವರೇ ಮೊದಲು ಗುರುತು ಹಿಡಿದರು. "ಆ ಕೂಸು ಇವ್ಳೇನಾ? ಗುಂಡಮ್ಮ ಆಗಿದ್ದಾಳಲ್ಲ!" ಎಂದು ಕಿಟಕಿಯಿಂದ ಕೈ ಹಾಕಿ ಮಗಳ ಕೆನ್ನೆ ಮುಟ್ಟಿದರು. ಇಳಿಯಬೇಕು, ಕಾಲು ಹಿಡಿಯಬೇಕು, ನಾನಿನ್ನೂ ಹೇಳಿಲ್ಲ ಎಂದು ಹೇಳಬೇಕು ಎನ್ನುವುದರೊಳಗೆ ಬಸ್ಸು ಹೊರಟಿತು... ಮತ್ತೆರಡು ವರ್ಷಕ್ಕೆ ಹಿಟ್ಟು ಮಾಡಿಸಲು ಬಂದ ಆಸ್ಪತ್ರೆಯ ನರ್ಸೊಬ್ಬರು ಮಾತಿನ ಮಧ್ಯೆ, ಆಯಮ್ಮ ತೀರಿಕೊಂಡರಂತೆ ಎಂದರು. ಅತ್ತೆ ಸ್ಟೂಲಿನಲ್ಲಿ ಕೂತೇ, "ಆ ಮದ್ದು ಹಾಕೋಳಾ?" ಎಂದು ಕೇಳಿದರು. ಆಗಲೂ ನಾನು ಹೇಳಲಿಲ್ಲ. ಅತ್ತೆ ಹೋಗಿಯೂ ಹನ್ನೊಂದು ವರ್ಷವಾಯಿತು. ಆಮೇಲೂ ಹೇಳಲಿಲ್ಲ. ಹೇಳದೆ ಇಟ್ಟದ್ದು ಹಾಗೇ ಕೂತುಬಿಡುತ್ತದೆ, ಎಬ್ಬಿಸಲು ಕಾರಣ ಸಿಗುವುದಿಲ್ಲ.

ಇವತ್ತು ಬೀಗಿತ್ತಿಯ ಕಣ್ಣು ನನ್ನ ಸೆರಗಿನ ತುದಿಗೆ ಬಂದು ನಿಂತಿತಲ್ಲ, ಆಗ ಎದ್ದಿತು.

ಸಂಜೆ ಎಲ್ಲರಿಗೂ ಕಡುಬು. ನಮ್ಮದೇ ಗಿರಣಿಯ ಅಕ್ಕಿತರಿ, ಜೊತೆಗೆ ಕಾಳಿನ ಸಾರು, ಕಾಯಿಚಟ್ನಿ. ಪಾಪು ಏಳಕ್ಕೆ ಬಾಟಲಿ ಮುಗಿಸಿ, ತೇಗಿ, ತೊಟ್ಟಿಲಿನಲ್ಲಿ ಮಲಗಿದ್ದಳು. ನಮ್ಮ ಮನೆಯವರು, ಮಗಳು, ಅಳಿಯ, ಬೀಗಿತ್ತಿ ಸಾಲಾಗಿ ಕೂತಿದ್ದರು. ಬೀಗಿತ್ತಿ ಒಂದು ತುತ್ತಿಗೊಮ್ಮೆ ತೊಟ್ಟಿಲು ನೋಡುತ್ತಿದ್ದರು, ಒಂದು ತುತ್ತಿಗೊಮ್ಮೆ ನನ್ನನ್ನು. ನಾನು ಬಡಿಸುವುದನ್ನು ನಿಲ್ಲಿಸಿ ಒಳಗೆ ಹೋದೆ. ಟ್ರಂಕಿನ ತಳದಿಂದ ಎರಡು ಚಮಚ ತಂದು ಕಡುಬಿನ ಪಾತ್ರೆಯ ಪಕ್ಕ ಇಟ್ಟೆ, ಒಂದು ನೆಟ್ಟಗಿನದು, ಒಂದು ಮುದುರಿದ್ದು. ಹೇಳಿದೆ. ಒಂದೂ ಬಿಡದೆ ಹೇಳಿದೆ.

ಯಾರ ಕೈಯೂ ಬಾಯಿಗೆ ಹೋಗಲಿಲ್ಲ. ನಮ್ಮ ಮನೆಯವರಿಗೂ ಇದು ಗೊತ್ತಿರಲಿಲ್ಲ. ಮುದುರಿದ ಚಮಚವನ್ನು ಎತ್ತಿಕೊಂಡು ಅದರ ಅಡಿಯನ್ನು ಹೆಬ್ಬೆರಳಿನಿಂದ ಬಹಳ ಹೊತ್ತು ಸವರಿದರು. "ನನ್ನ ಗಿರಣೀಲಿ ಕೂತು ಅಂದ ಮಾತು ಅದು" ಎಂದರು. ಮಗಳು ನೆಟ್ಟಗಿನ ಚಮಚವನ್ನು ತೆಗೆದು ತನ್ನ ತಟ್ಟೆಯ ಪಕ್ಕ ಇಟ್ಟುಕೊಂಡಳು.

ಬೀಗಿತ್ತಿ ನನ್ನ ಕಡೆ ತಿರುಗಿದರು. "ಮಧ್ಯಾಹ್ನ ನಾನೂ ಹಂಗೇ ನೋಡ್ದೆ ಅಲ್ದಾ ನಿಮ್ಮನ್ನ?"

"ನೋಡಿದ್ರಿ."

"ಬೈಬಾರ್ದಿತ್ತಾ?"

"ಯಾವ ಬಾಯಲ್ಲಿ ಬೈಲಿ ಬೀಗ್ರೇ?"

ಆಕೆಗೆ ನಗು ಬಂತು, ನನಗೂ ಬಂತು, ಇಬ್ಬರ ಕಣ್ಣಲ್ಲೂ ನೀರು ಬಂತು. ನಮ್ಮ ಮನೆಯವರು, "ನಾಳೆ ಸಂತೆ. ಗಿರಣೀಲಿ ಜನ ಇರ್ತಾರೆ. ಆ ಮೂರು ಮನೆಯವ್ರೂ ಬರ್ತಾರೆ. ನಾನು ಹೇಳ್ತೀನಿ" ಎಂದರು.

"ನೀವು ಬೇಡ. ಅತ್ತೆ ಸ್ಟೂಲು ಇನ್ನೂ ಅಲ್ಲೇ ಇದೆ ಅಲ್ದಾ? ನಾನೇ ಬಂದು ಅದ್ರಲ್ಲಿ ಕೂತು ಹೇಳ್ತೀನಿ" ಎಂದೆ.

ಆಯಮ್ಮನಿಗೆ ಇದು ಕೇಳುವುದಿಲ್ಲ. ಅವರ ಬಾಗಿಲಿಗೆ ಬಿದ್ದ ಬೀಗ ಇದರಿಂದ ತೆರೆಯುವುದಿಲ್ಲ, ಆ ಮನೆಯೇ ಈಗ ಇಲ್ಲ. ನನಗೆ ಗೊತ್ತು. ಆದರೂ ನಾಳೆ ಹೇಳುತ್ತೇನೆ.

ತೊಟ್ಟಿಲಿನಲ್ಲಿ ಪಾಪು ಮುಲುಗಿದಳು. ಐದು ಜನರ ತಲೆಯೂ ಒಟ್ಟಿಗೆ ಆ ಕಡೆ ತಿರುಗಿತು. ನಾನು ತೊಟ್ಟಿಲ ಕಡೆ ಹೊರಟೆ. "ಕೂತ್ಕೋ ಅಮ್ಮಾ, ನಿದ್ದೇಲಿ ನಗ್ತಿದ್ದಾಳೆ" ಎಂದಳು ಮಗಳು. ಬೀಗಿತ್ತಿ ಪಾತ್ರೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ಆಗಿನಿಂದ ನಿಂತೇ ಇದ್ದ ನನ್ನನ್ನು ಪಕ್ಕಕ್ಕೆ ಕೂರಿಸಿ, ನನ್ನ ತಟ್ಟೆಗೆ ಎರಡು ಬಿಸಿ ಕಡುಬು ಹಾಕಿದರು. ಎಲ್ಲರೂ ಊಟ ಮಾಡಿದೆವು.